ಉಪ್ಪುಮೂಲೆಯ ಭತ್ತ

ಗುದ್ದಲಿಯ ಕಾವು ತಮ್ಮನ ಕಿವಿಗೆ ಬಡಿದಾಗ ಅಕ್ಕನ ಅಂಗೈ ಜುಮ್ಮೆಂದಿತು. ಅವನು ಬೀಳಲಿಲ್ಲ. ರಕ್ತ ಕತ್ತಿಗೆ ಇಳಿಯುತ್ತಿರುವಾಗಲೇ ಅವಳ ಜಡೆ ಹಿಡಿದೆಳೆದು ಮುಖವನ್ನು ಕೆಸರಿಗೆ ಅದುಮಿದ. ಬಾಯಿಗೆ ಉಪ್ಪುನೀರು ನುಗ್ಗಿತು. ಅದರ ರುಚಿಗೇ ಅವಳ ಮೈಯೆಲ್ಲ ಉರಿದುಹೋಯಿತು.

ಒಡ್ಡನ್ನು ಮೊಳದಗಲ ಕಡಿದವನು ಅವನೇ. ಒಡ್ಡಿನಾಚೆ ಕಡಲು, ಈಚೆ ಅವಳ ಗದ್ದೆ. ವರ್ಷವರ್ಷವೂ ಒಳಗೊಳಗೆ ಬರುತ್ತಿದ್ದ ಕಡಲಿಗೆ ಸೋತು ಊರವರೆಲ್ಲ ಗದ್ದೆಗಳನ್ನು ಸಿಗಡಿ ಹೊಂಡ ಮಾಡಿಕೊಂಡಿದ್ದರು. ತಮ್ಮನ ಹೊಂಡಕ್ಕೆ ಉಬ್ಬರದ ನೀರು ಅಕ್ಕನ ಗದ್ದೆ ದಾಟಿಯೇ ಬರಬೇಕು. ಅವಳೋ ಏಳು ವರ್ಷದಿಂದ, ಉಪ್ಪು ಜಿನುಗುವ ಮೂಲೆಯಲ್ಲಿ ಬೇಕೆಂದೇ ಭತ್ತ ನೆಟ್ಟು, ಸಾಯದೆ ಉಳಿದ ತೆನೆಯನ್ನಷ್ಟೇ ಬೀಜಕ್ಕಿಟ್ಟು, ಮತ್ತೆ ಅಲ್ಲೇ ನೆಡುತ್ತಿದ್ದಳು. ಸದ್ಯ ಇವಳಿಗೆ ಮಕ್ಕಳಿಲ್ಲ, ಇದ್ದಿದ್ದರೆ ಬಾವಿಗೆ ತಳ್ಳಿ ತೇಲಿದವರನ್ನಷ್ಟೇ ಸಾಕುತ್ತಿದ್ದಳು ಎಂದು ತಮ್ಮ ಆಡಿಕೊಳ್ಳುತ್ತಿದ್ದ.

ಈ ಸಲ ನಲವತ್ತು ಬುಡ ಉಳಿದಿದ್ದವು. ಕಾಳಿಗೆ ಹಾಲು ತುಂಬುತ್ತಿತ್ತು. ಜಿನುಗನ್ನು ತಡೆದುಕೊಂಡ ಪೈರು ಮುಳುಗಿದರೆ ಉಳಿಯುವುದಿಲ್ಲ. ಇದ್ದ ಬೀಜವನ್ನೆಲ್ಲ ಒಡ್ಡಿನ ಬುಡದ ಆ ಮೂಲೆಯಲ್ಲೇ ಬಿತ್ತಿದ್ದಳು, ಮನೆಯಲ್ಲಿ ಒಂದು ಹಿಡಿಯೂ ಇರಲಿಲ್ಲ. ಎಂಥ ಪೆದ್ದುತನ ಅದೆಂದು ಕೆಸರು ನುಂಗುತ್ತಿರುವಾಗ ಹೊಳೆಯಿತು.

ಅವನ ಮುಂಗೈ ಸಿಕ್ಕಿತು. ಹಲ್ಲಿಗೆ ಮೂಳೆ ತಗಲುವವರೆಗೂ ಕಚ್ಚಿದಳು. ಹಿಡಿತ ಸಡಿಲಿದ್ದೇ ತಡ, ಮಗ್ಗುಲಾಗಿ ಅವನ ಮಂಡಿಗೆ ಎರಡೂ ಕಾಲಿನಿಂದ ಒದ್ದಳು. ಮಂಡಿ ಲಟಕ್ಕೆಂದಿತು. ಅವನು ಹಿಂದಕ್ಕೆ ಕುಸಿದು, ಕಡಿದ ಒಡ್ಡಿನ ಬಾಯಲ್ಲಿ ಬಿರಡೆಯಂತೆ ಸಿಕ್ಕಿಕೊಂಡ.

ನೀರಿನ ಸದ್ದು ಅರ್ಧಕ್ಕಿಳಿಯಿತು.

ಅಕ್ಕ ಅವನ ಮುಖ ನೋಡಲಿಲ್ಲ, ನೀರನ್ನು ನೋಡಿದಳು. ಆಮೇಲೆ ಗುದ್ದಲಿ ಎತ್ತಿದಳು. ತಮ್ಮ ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ಏಟು ಬೀಳಲಿಲ್ಲ, ಹೊಟ್ಟೆಯ ಮೇಲೆ ಒಂದು ಹೆಂಟೆ ಜೇಡಿಮಣ್ಣು ಬಿತ್ತು. ಇನ್ನೊಂದು ಕಂಕುಳ ಸಂದಿಗೆ. ಅದನ್ನವಳು ಹಿಮ್ಮಡಿಯಿಂದ ತುಳಿದು ಗಟ್ಟಿಮಾಡಿದಳು.

"ಅಕ್ಕಾ, ಕಾಲು ಮುರಿದಿದೆ ಕಣೇ."

"ಗೊತ್ತು. ಅಲ್ಲಾಡಬೇಡ, ಮಣ್ಣು ಬಿರುಕು ಬಿಡುತ್ತೆ."

ಮೊದಲು ಬೈದ. ಆಮೇಲೆ ಸತ್ತ ಅಮ್ಮನ ಮೇಲೆ ಆಣೆ ಹಾಕಿದ. ಉಬ್ಬರ ಅವನ ಬೆನ್ನನ್ನು ಗುದ್ದುತ್ತಿತ್ತು, ಒಂದೊಂದು ಗುದ್ದಿಗೂ ಬಾಯಿ ತೆರೆಯುತ್ತಿದ್ದ. ಮಣ್ಣು ಎದೆಗೆ ಬಂದಾಗ ಅವನ ದನಿ ತಣ್ಣಗಾಯಿತು.

"ಹೊಂಡದಲ್ಲಿ ಅರ್ಧ ನಿಂದು. ನಾಳೆಯೇ ಬರೆದುಕೊಡ್ತೀನಿ. ಈ ನಲವತ್ತು ಬುಡ ಹೋದರೆ ಹೋಗಲಿ ಬಿಡೇ. ಎಳೆದು ಮೇಲೆ ಹಾಕು."

ಅವಳು ಮತ್ತೊಂದು ಹೆಂಟೆ ತಂದು ಅವನ ಭುಜಕ್ಕೆ ಮೆತ್ತಿದಳು.

"ಬೇಡ," ಎಂದಳು.