ಇನ್ನೊಂದು ಸುತ್ತು

ಪವಾಯಿ ಕೆರೆಯ ಹತ್ತಿರ ಟ್ಯಾಕ್ಸಿ ತಾನಾಗಿಯೇ ನಿಂತಾಗ, ಪೆಟ್ರೋಲು ಉಳಿಸುವ ಕೊಳವೆ ಮಾರಲು ಬಂದು ಮುಂದಿನ ಸೀಟಿನಲ್ಲಿ ಕೂತಿದ್ದ ಸಫಾರಿ ಸೂಟಿನವನು ಚಪ್ಪಾಳೆ ತಟ್ಟಿದ. ಪರೀಕ್ಷೆಗೆಂದು ಬಾನೆಟ್ಟಿನೊಳಗೆ ಕಟ್ಟಿದ್ದ ಬಾಟಲಿಯ ಪೆಟ್ರೋಲು ಮುಗಿದಿತ್ತು. ಬೆಳಿಗ್ಗೆ ಅಷ್ಟೇ ಪೆಟ್ರೋಲನ್ನು ಭಾಂಡುಪ್ ಮಾರ್ಕೆಟ್ಟಿನ ಗದ್ದಲದಲ್ಲೇ ಕುಡಿದು ಮುಗಿಸಿದ್ದ ಗಾಡಿ, ಅವನು ಕಾರ್ಬುರೇಟರಿಗೆ ಕೂಡಿಸಿದ ಹಿತ್ತಾಳೆ ಕೊಳವೆಯ ದೆಸೆಯಿಂದ ಇಲ್ಲಿಯತನಕ ಬಂದಿತ್ತು. ಸ್ಟೇರಿಂಗ್ ಹಿಡಿದಿದ್ದ ಬಸವಂತರಾಯ ಹಿಂದೆ ತಿರುಗಿ ಹೆಂಡತಿಯ ಮುಖ ನೋಡಿದ. ಕಸ್ತೂರಿಬಾಯಿ ನಗಲಿಲ್ಲ.

ದಾರಿಯುದ್ದಕ್ಕೂ ಅವಳು ನೋಡುತ್ತಲೇ ಬಂದಿದ್ದಳು. ಮೆಲ್ಲಗೆ, ಮೆಲ್ಲಗೆ ಎಂದು ಸೂಟಿನವನು ಹೇಳುತ್ತಲೇ ಇದ್ದ. ಗಂಡ ಅದರಂತೆ ದೂರದಿಂದಲೇ ಕಾಲು ಸಡಿಲಿಸಿ, ಬ್ರೇಕು ಮುಟ್ಟದೆ, ಖಾಲಿ ರಸ್ತೆಯಲ್ಲಿ ತೇಲಿಸಿಕೊಂಡು ಬಂದಿದ್ದ. ದಿನವೂ ಹಾರನ್ನು ಒತ್ತುತ್ತ ನುಗ್ಗುವ ಮನುಷ್ಯ ಇವನೇನಾ ಅನಿಸಿತ್ತು.

ಟ್ಯಾಂಕಿನ ಪೈಪು ಕೂಡಿಸಿಕೊಂಡು ಸ್ಟ್ಯಾಂಡಿಗೆ ಮರಳಿದಾಗ ನಿಂಗಣ್ಣ ಕಾದು ನಿಂತಿದ್ದ. ಊರಿಂದ ಬಂದವನಿಗೆ ಚಾಳಿನಲ್ಲಿ ಖೋಲಿ ಹುಡುಕಿಕೊಟ್ಟು, ಲೈಸೆನ್ಸು ಮಾಡಿಸಿದವನು ಬಸವಂತರಾಯ. ಅವನ ಮಾತೆಂದರೆ ನಿಂಗಣ್ಣನಿಗೆ ದೇವರ ಮಾತು. ನಿನ್ನ ಗಾಡಿಗೂ ಹಾಕಿಸಿಬಿಡು ಎಂದು ಬಸವಂತರಾಯ ಕೂತಲ್ಲಿಂದಲೇ ಕೂಗಿದ. ನಿಂಗಣ್ಣ ಟೈರಿಗೆಂದು ತೆಗೆದಿಟ್ಟ ರೊಕ್ಕಕ್ಕೆ ಕೈ ಹಾಕಿದ. ಅವನ ಮುಂದಿನ ಟೈರು ಸವೆದು ದಾರ ಬಿಟ್ಟಿತ್ತು.

"ಈ ಕೊಳವಿ ಬಿಚ್ಚಿ, ಅದೇ ದಾರಿ ಹಂಗೇ ಇನ್ನೊಂದು ಸುತ್ತು ಓಡಸ್ರಿ," ಎಂದಳು ಕಸ್ತೂರಿಬಾಯಿ.

"ಪೂಜಿ ಆಗ್ಯದ. ಈಗ ಬಿಚ್ಚಬಾರದು," ಎಂದ ಬಸವಂತರಾಯ, ಕೊಳವೆಗೆ ಬಳಿದ ವಿಭೂತಿ ತೋರಿಸಿ.

"ವಿಭೂತಿ ಹಚ್ಚಿದ್ರ ಸುಳ್ಳು ಖರೇ ಆಗ್ತದೇನ್ರಿ?"

"ಗಾಡಿದು ನಿನಗೇನ್ ತಿಳೀತದ? ಇಳಿ ಕೆಳಗ."

"ಇಳಿಯೂದಿಲ್ಲ. ತುಂಬಿದ ಬಸುರಿ ಇದ್ದಾಗ ನನ್ನ ದವಾಖಾನಿಗೆ ಒಯ್ದಿದ್ರಲ್ಲ, ಹಂಗ ಮೆಲ್ಲಗ ಓಡಿಸೀರಿ ಇವತ್ತ. ಅವತ್ತ ಯಾವ ಕೊಳವಿ ಇತ್ರಿ? ಆ ಟೈರು ಒಡದು ನಿಂಗಣ್ಣ ಎಲ್ಲೆರೆ ಬಿದ್ರ, ಅವನ ಹೆಂಡತಿಗೆ ನೀವು ಹೋಗಿ ಹೇಳ್ತೀರೇನು?"

ಸ್ಟ್ಯಾಂಡಿನವರೆಲ್ಲ ತಿರುಗಿ ನೋಡಿದರು. ಬಸವಂತರಾಯನ ಮುಖ ಕೆಂಪಾಯಿತು. ಕೊಳವೆಯ ಗುಣ ಎಂಜಿನ್ನಿನಿಂದ ಇಳಿಯಲು ವಾರವಾದರೂ ಬೇಕು, ಈಗ ನೋಡಿ ಫಲವಿಲ್ಲ ಎಂದ ಸೂಟಿನವನು. ಅವಳು ಅವನತ್ತ ತಿರುಗಿಯೂ ನೋಡಲಿಲ್ಲ. ಇವಳ ಬಾಯಿ ಮುಚ್ಚಿಸದೆ ಬಿಡಬಾರದೆಂದು ಗಂಡ ಕೊಳವೆ ಬಿಚ್ಚಿದ, ಬಾಟಲಿ ತುಂಬಿದ, ನಿಂಗಣ್ಣನಿಗೆ ನೀನು ಹಾಕಿಸು ಎಂದು ಇನ್ನೊಮ್ಮೆ ಹೇಳಿಯೇ ಹೊರಟ.

ಸಿಟ್ಟಿದ್ದರೂ ಮೋಸ ಮಾಡಲಿಲ್ಲ. ಮೊದಲಿನ ಹಾಗೆಯೇ ಮೆಲ್ಲಗೆ ಓಡಿಸಿದ. ಗಾಡಿಯಲ್ಲಿ ಈಗ ಅವರಿಬ್ಬರೇ. ಕೆರೆ ಬಂತು. ಆಗ ನಿಂತಿದ್ದ ಜಾಗ ಬಂತು. ಗಾಡಿ ನಿಲ್ಲದೆ ಮುಂದಕ್ಕೆ ಹೋಯಿತು. ಇನ್ನಷ್ಟು ದೂರ ಹೋಗಿ ನಿಂತಾಗ ಅವನು ಸ್ಟೇರಿಂಗಿನ ಮೇಲೆ ಹಣೆಯಿಟ್ಟ. ಅವಳಿಗೆ ಗೆದ್ದೆನೆನಿಸಲಿಲ್ಲ, ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನಡೀರಿ ಲಗೂನ, ನಿಂಗಣ್ಣ ರೊಕ್ಕ ಕೊಡೂದ್ರಾಗ," ಎಂದಳು.

ಅವರು ಮರಳುವಷ್ಟರಲ್ಲಿ ಸೂಟಿನವನು ನಿಂಗಣ್ಣನ ಗಾಡಿಗೂ ಕೊಳವೆ ಕೂಡಿಸಿ, ರೊಕ್ಕ ಎಣಿಸಿಕೊಂಡು ಹೊರಟುಹೋಗಿದ್ದ. ನಿಂಗಣ್ಣ ಹಲ್ಲು ಕಿರಿಯುತ್ತ ತನ್ನ ಬಾನೆಟ್ಟು ಒರೆಸುತ್ತಿದ್ದ. ಬಸವಂತರಾಯ ತನ್ನ ಗಾಡಿಯ ಡಿಕ್ಕಿ ತೆಗೆದು, ಒಳಗಿದ್ದ ಹೊಸ ಸ್ಟೆಪ್ನಿ ಟೈರನ್ನು ಎಳೆದು ಹಾಕಿ, ಉರುಳಿಸಿಕೊಂಡು ನಿಂಗಣ್ಣನ ಗಾಡಿಯ ಹತ್ತಿರ ಒಯ್ದ.

"ಯಾಕ ಕಾಕಾ?" ಎಂದ ನಿಂಗಣ್ಣ.

ಬಸವಂತರಾಯ ಮಣ್ಣಿನಲ್ಲಿ ಮೊಣಕಾಲೂರಿ ಜಾಕು ಕೊಟ್ಟ. ಗಾಡಿ ಅಲುಗಿತು. ಕಸ್ತೂರಿಬಾಯಿ ಇಳಿದು ಬಂದು, ಒಂದು ಕಲ್ಲು ಹುಡುಕಿ ಹಿಂದಿನ ಗಾಲಿಗೆ ಒತ್ತು ಕೊಟ್ಟು, ಮುಖ ಆಚೆ ತಿರುಗಿಸಿ ನಿಂತಳು.