ಧೂಳಿಲ್ಲದ ಅಂಗಿ

ಏಪ್ರಿಲ್ ತಿಂಗಳು ಬಂತೆಂದರೆ ಕಾಲುವೆಯ ನೀರು ನಿಲ್ಲಿಸುತ್ತಾರೆ. ಗದ್ದೆ, ಕಬ್ಬು, ಬಾಳೆ ಇದ್ದವರ ಚಿಂತೆ ಅವರಿಗೆ. ಹೊಸಪೇಟೆಯ ಚಿತ್ತವಾಡ್ಗಿಯ ಹೆಂಗಸರಿಗೆ ಆ ದಿನಗಳಲ್ಲಿ ಒಂದೇ ಚಿಂತೆ: ಬಟ್ಟೆ ಒಗೆಯುವುದು ಎಲ್ಲಿ? ಕಾಲುವೆ ತುಂಬಿದ್ದಾಗ ಕಲ್ಲಿನ ಮೇಲೆ ಕುಕ್ಕಿ ಕುಕ್ಕಿ ಒಗೆದು, ಹರಟೆ ಹೊಡೆದು ಬರುತ್ತಿದ್ದವರು ಈಗ ಬೀದಿ ನಲ್ಲಿಯ ಮುಂದೆ ಕೊಡ ಸಾಲಿಟ್ಟು ಕೂರಬೇಕು. ಇದು ಎಂಬತ್ತಾರನೇ ಇಸವಿಯ ಮಾತು. ಇಡೀ ಬೀದಿಗೆ ಆಗ ಒಂದೇ ನಲ್ಲಿ, ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಭೀಮಮ್ಮನ ಕಷ್ಟ ಉಳಿದವರಿಗಿಂತ ಒಂದು ಕೈ ಹೆಚ್ಚು. ಅವಳ ಗಂಡ ಓಬಳೇಶ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಒಳಗೋಡೆಗೆ ಸಿಮೆಂಟು ಹೊಡೆಯುವವನು. ಮನೆ ಕಟ್ಟುವ ಸಿಮೆಂಟಲ್ಲ, ಕಬ್ಬಿಣ ಕರಗಿಸುವ ಬೆಂಕಿಯನ್ನೂ ತಡೆದುಕೊಳ್ಳುವ ಸಿಮೆಂಟು. ಅದನ್ನು ಕರಣೆಯಿಂದ ಮೆತ್ತುವುದಿಲ್ಲ. ಕಂಪ್ರೆಸರ್ ಯಂತ್ರದ ಗಾಳಿ ಆ ಪುಡಿಯನ್ನು ದಪ್ಪ ಪೈಪಿನೊಳಗೆ ನೂಕಿಕೊಂಡು ಬರುತ್ತದೆ. ಪೈಪಿನ ಮೂತಿಯಲ್ಲಿ ನೀರು ಸೇರುತ್ತದೆ. ಮೂತಿ ಹಿಡಿದವನು ಗೋಡೆಗೆ ಗುರಿಯಿಟ್ಟು ನಿಂತರೆ ಸಿಮೆಂಟು ರಪರಪನೆ ಹೋಗಿ ಬಡಿದು ಅಲ್ಲೇ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಳ್ಳದ್ದು ಮರಳಿ ಸಿಡಿದು ಹೊಡೆದವನ ಮೈಮೇಲೇ ಬರುತ್ತದೆ. ಸಂಜೆ ಓಬಳೇಶ ಮನೆಗೆ ಬಂದರೆ ಹುಬ್ಬು, ಮೀಸೆ ಸಹಿತ ಬೆಳ್ಳಗಿರುತ್ತಿದ್ದ. ಅವನ ಅಂಗಿಗೆ ಎರಡು ಕೊಡ ನೀರು ಬೇಕು. ನೀರು ಕಡಿಮೆ ಮಾಡಿದಿರೋ, ಒಣಗಿದ ಮೇಲೆ ಅಂಗಿ ಹಪ್ಪಳ.

“ನೋಡ್ರಿ, ಕಾಲುವಿಗೆ ನೀರು ಬಿಡೋತನಕ ನಾ ಈ ಅಂಗಿ ಒಗಿಯಾಂಗಿಲ್ಲ” ಎಂದಳು ಭೀಮಮ್ಮ ಒಂದು ದಿನ. “ಕುಡಿಯಾಕ ನೀರಿಲ್ಲ, ನಿಮ್ಮ ಅಂಗಿಗೆ ಎಲ್ಲಿಂದ ತರ್ಲಿ? ಅಲ್ಲೇ ಝಾಡಿಸ್ಕೊಂಡು ಬರ್ರಿ.”

“ಝಾಡಿಸಿದ್ರ ಹೋಗ್ತದೇನಲೇ ಇದು?”

“ಅಷ್ಟು ದೊಡ್ಡ ಗಾಳಿ ಯಂತ್ರ ಇಟ್ಕೊಂಡೀರಿ. ಗ್ವಾಡಿಗೆ ಹೊಡಿಯೋ ಗಾಳಿ ಅಂಗಿಗೆ ಹೊಡದ್ರ ಆಗೂದಿಲ್ಲೇನು?”

ಅವಳು ಸಿಟ್ಟಿನಲ್ಲಿ ಅಂದ ಮಾತು. ಓಬಳೇಶನಿಗೆ ಅದು ಸರಿ ಕಂಡಿತು. ಮರುದಿನ ಸಂಜೆ ಅವನು ಬಂದದ್ದು ಮದುವೆಗೆ ಹೊರಟವನ ಹಾಗೆ. ಅಂಗಿಯಲ್ಲಿ ಧೂಳಿನ ಸುಳಿವಿಲ್ಲ. ಕಂಪ್ರೆಸರ್ ನೋಡಿಕೊಳ್ಳುವ ತಾಯಪ್ಪ, ಇದೇ ಬೀದಿಯವನು, ಸಿಮೆಂಟಿನ ಪೈಪು ಬಿಚ್ಚಿ ಬರೀ ಗಾಳಿಯ ಪೈಪು ಹಿಡಿದು, ಮುಂದೆ ಹಿಂದೆ ತಿರುಗಿಸಿ ಊದಿ ಕಳಿಸಿದ್ದ.

ಭೀಮಮ್ಮನಿಗೆ ಎಷ್ಟು ಹಿಗ್ಗಾಯಿತೆಂದರೆ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ನಲ್ಲಿಯ ಹತ್ತಿರ ಹೇಳಿಯೇ ಹೇಳಿದಳು. “ನಮ್ಮ ಮನಿಯವರ ಅಂಗಿ ಒಂದು ಕೊಡದಾಗ ಆಗ್ತೈತವ್ವಾ. ನಿಮ್ಮವರಿಗೂ ಹೇಳ್ರಿ, ಗಾಳಿ ಪುಕ್ಕಟ.” ಹೆಂಗಸರು ಮನೆಗೆ ಹೋಗಿ ಗಂಡಂದಿರಿಗೆ ಹೇಳಿದರು. ಹದಿನೈದು ದಿನದಲ್ಲಿ ಆ ಬೀದಿಯಿಂದ ಅದೇ ಕಾರ್ಖಾನೆಗೆ ಹೋಗುವ ಏಳು ಮನೆಯ ಗಂಡಸರು ಸಂಜೆ ಐದಕ್ಕೆ ಸಾಲಾಗಿ ಪೈಪಿನ ಮುಂದೆ ನಿಲ್ಲತೊಡಗಿದರು. ಅದಕ್ಕೆ ಗಾಳಿ ಸ್ನಾನ ಎಂದು ಹೆಸರೂ ಬಿತ್ತು. ಯಾರಾದರೂ ಹಿಂದೆಮುಂದೆ ನೋಡಿದರೆ ತಾಯಪ್ಪ ನಗುತ್ತಿದ್ದ. “ಬಾರಲೇ, ಗಾಳಿಗೇನು ಹಲ್ಲು ಅದಾವೇನು, ಕಡಿಯಾಕ?”

ಒಂದು ಗುರುವಾರ ಓಬಳೇಶನ ಅಂಗೈಗೆ ಕಬ್ಬಿಣದ ಜಾಲರಿ ತಾಗಿ ಕೊಯ್ದಿತು. ಗಾಯ ಬೆರಳಿನ ಉಗುರಿನಷ್ಟು. ಭೀಮಮ್ಮ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದಳು. ಮರುದಿನ ಕೆಲಸದಲ್ಲಿ ಆ ಬಟ್ಟೆ ಒದ್ದೆಯಾಗಿ ಎಲ್ಲೋ ಬಿದ್ದುಹೋಯಿತು.

ಶುಕ್ರವಾರ ಸಂಜೆ ತಾಯಪ್ಪನೇ ಓಬಳೇಶನ ಹೆಗಲು ಹಿಡಿದು ಮನೆಗೆ ಕರೆತಂದ. ಬಾಗಿಲಲ್ಲಿ ನಿಂತಿದ್ದ ಭೀಮಮ್ಮ ಮೊದಲು ನೋಡಿದ್ದು ಅಂಗಿಯನ್ನು. ಅಂಗಿ ಸ್ವಚ್ಛವಾಗಿತ್ತು. ಆಮೇಲೆ ಕೈ ಕಂಡಿತು. ಬಲಗೈ ಬೆರಳುಗಳು ಬಾತು ಒಂದಕ್ಕೊಂದು ತಾಗಿ ನಿಂತಿದ್ದವು. ಮುಂಗೈ ಎಲ್ಲಿ ಮುಗಿಯಿತು, ಮೊಣಕೈ ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ.

“ಚುಳ್ ಅಂತ ಏನೋ ಕಡೀತು” ಎಂದ ಓಬಳೇಶ. “ಚೇಳಿರಬೇಕು. ನಾ ನೋಡ್ಲಿಲ್ಲ.”

“ಹುಳಾನೇ ಐತಿ ತಂಗಿ” ಎಂದ ತಾಯಪ್ಪ. “ವಿಷ ಮ್ಯಾಲೆ ಏರಬಾರ್ದು. ಟವಲ್ ಕೊಡು, ಬಿಗಿಯಾಗಿ ಕಟ್ತೀನಿ. ಆಮ್ಯಾಲೆ ನೀವಿ ನೀವಿ ಕೆಳಗಿಳಸೂಣು.”

ತಾಯಪ್ಪ ತೋಳಿಗೆ ಟವಲ್ ಬಿಗಿದ. ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಸ್ವಂತ ತಮ್ಮನ ಕೈಯೆನ್ನುವಷ್ಟು ಅಕ್ಕರೆಯಿಂದ ಒತ್ತತೊಡಗಿದ. ಓಬಳೇಶ ಹಲ್ಲು ಕಚ್ಚಿಕೊಂಡ. ಒತ್ತಿದ ಕಡೆಯಲ್ಲೆಲ್ಲ ಏನೋ ಸಣ್ಣ ಸದ್ದು. ಭೀಮಮ್ಮನಿಗೆ ಅದು ಕೇಳಿಸಿತು. ಯಾವ ಚೇಳು ಕಡಿದರೆ ಕೈ ಸದ್ದು ಮಾಡುತ್ತದೆ? ಅವಳು ಸೆರಗು ಸಿಕ್ಕಿಸಿಕೊಂಡು ಮೂರು ಮನೆ ಆಚೆಯ ನರ್ಸ್ ಪಂಪಮ್ಮನ ಬಾಗಿಲಿಗೆ ಓಡಿದಳು.

ಪಂಪಮ್ಮ ಸರ್ಕಾರಿ ದವಾಖಾನೆಯಲ್ಲಿ ಹದಿನೆಂಟು ವರ್ಷ ದುಡಿದವಳು. ಬಂದವಳೇ ಟವಲ್ ಬಿಚ್ಚಿ ಬಿಸಾಕಿದಳು. “ಒತ್ತಬ್ಯಾಡ ತಾಯಪ್ಪ, ಕೈ ಬಿಡು” ಎಂದು ತಾನು ಎರಡೇ ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದಳು. ಅವಳ ಮುಖ ಬದಲಾಯಿತು.

“ಕಡಿದಾಗ ಏನ್ ಮಾಡ್ಲಿಕ್ಕೆ ಹತ್ತಿದ್ದಿ ಓಬಳೇಶ?”

“ಏನೂ ಇಲ್ಲಕ್ಕ. ಗಾಳಿ ಹೊಡಿಸ್ಕೊಳ್ಳಾಕ ಹತ್ತಿದ್ದೆ. ಕೈ ಮುಂದ ಹಿಡಿದಿದ್ದೆ.”

“ಗಾಯ ಇದ್ದ ಕೈ?”

“ಹೂಂ.”

“ಭೀಮಮ್ಮ, ಇಲ್ಲಿ ಬಾ. ಬೆರಳಿಟ್ಟು ನೋಡು.”

ಭೀಮಮ್ಮ ಬೆರಳಿಟ್ಟಳು. ತೊಗಲಿನ ಕೆಳಗೆ ಚುರುಚುರು ಎಂದಿತು, ಮಂಡಕ್ಕಿಯ ಚೀಲ ಒತ್ತಿದಂತೆ. ಅವಳು ಕೈ ಎಳೆದುಕೊಂಡಳು. ಮನುಷ್ಯನ ಮೈಯಲ್ಲಿ ಅಂಥದ್ದು ಇರಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

“ಹುಳ ಅಲ್ಲ, ವಿಷ ಅಲ್ಲ” ಎಂದಳು ಪಂಪಮ್ಮ. “ಗಾಳಿ. ಗಾಯದಾಗಿಂದ ಗಾಳಿ ಒಳಗ ಹೊಕ್ಕು ತೊಗಲು ಬಿಡಿಸ್ಕೊಂತ ಮ್ಯಾಲೆ ಹೊಂಟೈತಿ. ಜಲ್ದಿ ಆಟೋ ಕರೀರಿ.”

ತಾಯಪ್ಪ ನಂಬಲಿಲ್ಲ. “ಗಾಳಿ ತೊಗಲಿನಾಗ ಹೋಗ್ತದೇನ್ರಿ ನರ್ಸಮ್ಮ? ನಾ ಹತ್ತು ವರ್ಷದಿಂದ ಗಾಳಿ ಜೊತಿಗೇ ಅದೀನಿ.”

“ಕಲ್ಲಿನಂಥ ಸಿಮೆಂಟನ್ನ ಗ್ವಾಡಿಗೆ ಬಡಿದು ಕಚ್ಚಿಸ್ತೈತಲ್ಲ, ಅದೇ ಗಾಳಿ ತಾಯಪ್ಪ. ಅದಕ್ಕ ನಮ್ಮ ತೊಗಲು ಯಾವ ಲೆಕ್ಕ?”

ತಾಯಪ್ಪ ಆಟೋ ಕರೆಯಲು ಎದ್ದ. ಕಾಲು ಹೊರಟಿತು, ಮನಸ್ಸು ಒಪ್ಪಲಿಲ್ಲ.

ದವಾಖಾನೆಯಲ್ಲಿ ಡಾಕ್ಟರು ಕೈಯನ್ನು ದಿಂಬಿನ ಮೇಲೆ ಎತ್ತರಕ್ಕೆ ಇಟ್ಟರು, ಇಂಜೆಕ್ಷನ್ ಕೊಟ್ಟರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಚುರುಚುರು ಎಲ್ಲಿಯವರೆಗೆ ಇದೆಯೋ ಅಲ್ಲಿ, ಮೊಣಕೈಯ ಮೇಲೆ, ಒಂದು ಗೆರೆ ಎಳೆದರು.

“ನೋಡಮ್ಮ, ಇದು ಈ ಗೆರೆ ದಾಟಬಾರದು. ಕುತ್ತಿಗೆಗೆ, ಎದೆಗೆ ಹೋದರೆ ಉಸಿರಿಗೇ ಕಷ್ಟ. ಗಾಳಿ ಜೊತೆಗೆ ಯಂತ್ರದ ಎಣ್ಣೆ, ಧೂಳು ಕೂಡ ಒಳಗೆ ಹೋಗಿರುತ್ತದೆ. ಅದು ಕೀವಾದರೆ ಕೈ ಉಳಿಸುವುದು ಕಷ್ಟ. ಮೂರು ದಿನ ಕಾಯಬೇಕು.”

ಬಲಗೈ. ಮೂತಿ ಹಿಡಿಯುವ ಕೈ. ಆ ಮನೆ ಉಣ್ಣುತ್ತಿದ್ದುದೇ ಆ ಕೈಯಿಂದ. ಭೀಮಮ್ಮ ಆ ಗೆರೆಯನ್ನೇ ನೋಡುತ್ತ ಕುಳಿತಳು. ಗಾಳಿ ಹೊಡೆದವನು ತಾಯಪ್ಪ, ನಿಂತವನು ಗಂಡ, ಆದರೆ ದಾರಿ ತೋರಿಸಿದವಳು ತಾನು. ಎರಡು ಕೊಡ ನೀರಿಗಾಗಿ. ಅಷ್ಟು ಸಾಲದೆಂದು ನಲ್ಲಿಯ ಮುಂದೆ ನಿಂತು ಊರಿಗೆಲ್ಲ ಬುದ್ಧಿ ಹೇಳಿದ್ದೂ ತಾನೇ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಎನ್ನುವ ಗಾದೆ ನೆನಪಾಗಿ ಅವಳಿಗೆ ಅಳು ಬಂತು.

ಬೆಳಗಾದಾಗ ಚುರುಚುರು ಗೆರೆಯನ್ನು ಒಂದು ಬೆರಳಿನಷ್ಟು ದಾಟಿತ್ತು. ಡಾಕ್ಟರು ಎರಡನೆಯ ಗೆರೆ ಎಳೆದರು. ಮಧ್ಯಾಹ್ನಕ್ಕೆ ಜ್ವರ ಬಂತು.

ಸಂಜೆ ಆರಕ್ಕೆ ತಾಯಪ್ಪ ಬಾಳೆಹಣ್ಣು ಹಿಡಿದು ಬಂದ. ಸ್ಟೂಲಿನ ಮೇಲೆ ಕುಳಿತು, ಹೆಂಗೈತಿ ಎಂದು ಕೇಳಿದ. ಭೀಮಮ್ಮ ಉತ್ತರ ಕೊಡಲು ತಲೆಯೆತ್ತಿದವಳು ಅವನ ಅಂಗಿ ನೋಡಿದಳು. ಅಂಗಿಯ ಮೇಲೆ ಒಂದು ಚೂರು ಧೂಳಿಲ್ಲ.

“ತಾಯಪ್ಪಣ್ಣ, ಮನಿಗೆ ಹೋಗಿ ಬಂದ್ಯಾ?”

“ಇಲ್ಲವ್ವ, ಸೀದಾ ಡ್ಯೂಟಿ ಬಿಟ್ಟು ಬಂದೆ.”

“ಮತ್ತ ಅಂಗಿ?”

“ದವಾಖಾನಿಗೆ ಹೊಲಸು ಅರಿವ್ಯಾಗ ಬರಬಾರ್ದು ಅಂತ ಒಂಚೂರು ಗಾಳಿ ಹೊಡಿಸ್ಕೊಂಡೆ.” ಅವನು ಅದೇನು ದೊಡ್ಡದಲ್ಲ ಎನ್ನುವಂತೆ ಹೇಳಿದ. “ಹುಡುಗ್ರೂ ಹೊಡಿಸ್ಕೊಂಡ್ರು. ಇವನಿಗೆ ಗಾಯ ಇತ್ತು, ಹಂಗಾತು. ನಮಗೇನೂ ಗಾಯ ಇಲ್ಲಲ್ಲ.”

ಭೀಮಮ್ಮ ಗಂಡನ ಕಡೆ ನೋಡಿದಳು. ಗಂಡ ಇಲ್ಲಿ ಗೆರೆ ಎಳೆಸಿಕೊಂಡು ಮಲಗಿದ್ದಾನೆ, ಅಲ್ಲಿ ಉಳಿದವರೆಲ್ಲ ಅದೇ ಪೈಪಿನ ಮುಂದೆ ಇಂದೂ ನಿಂತು ಬಂದಿದ್ದಾರೆ. ಅವಳು ಬೈಯಲಿಲ್ಲ. ಎದ್ದು ತಾಯಪ್ಪನ ಕೈ ಹಿಡಿದು, ಎರಡು ಬೆರಳುಗಳನ್ನು ಓಬಳೇಶನ ತೋಳಿನ ಮೇಲೆ, ಎರಡು ಗೆರೆಗಳ ನಡುವೆ ಇಟ್ಟಳು.

“ನಿನ್ನೆ ರಟ್ಟೆ ಹಾಕಿ ಒತ್ತಿದಿ. ಇವತ್ತು ಮೆಲ್ಲಕ ಮುಟ್ಟಣ್ಣ.”

ತಾಯಪ್ಪ ಮುಟ್ಟಿದ. ಚುರುಚುರು. ಇನ್ನೊಮ್ಮೆ ಮುಟ್ಟಿದ. ಹತ್ತು ವರ್ಷ ಜೊತೆಗಿದ್ದ ಗಾಳಿ ತೊಗಲಿನ ಕೆಳಗೆ ಹೀಗೆ ಕುಳಿತೀತೆಂದು ಅವನು ನಂಬಿರಲಿಲ್ಲ. ಬಾಳೆಹಣ್ಣಿನ ಚೀಲ ಕೆಳಗೆ ಬಿತ್ತು, ಅವನು ಎತ್ತಿಕೊಳ್ಳಲಿಲ್ಲ.

“ನಾನೇ ತುಂಬೀನಲ್ಲವ್ವ ಇದನ್ನ” ಎಂದ.

ಓಬಳೇಶನನ್ನು ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ ಪಂಪಮ್ಮ ಹತ್ತಿರ ಬಂದಳು. “ಗಾಯ ಇಲ್ಲಂದ್ರೂ ದೇವ್ರು ಕೊಟ್ಟ ತೂತು ಅದಾವಲ್ಲ ತಾಯಪ್ಪ. ಕಿವಿಗೆ ಹೊಡದ್ರ ತಮಟಿ ಹರೀತದ. ಕಣ್ಣಿಗೆ ಹೊಡದ್ರ ಕಣ್ಣು ಹೋಗ್ತದ. ನಗಚಾಟಿಗಿ ಅಂತ ಹಿಂದಿನಿಂದ ಪೈಪು ಹಿಡಿದ್ರ, ಅರಿವಿ ಮ್ಯಾಲಿಂದನೇ ಗಾಳಿ ಹೊಕ್ಕು ಕರುಳು ಒಡೀತದ. ಅಂಥವನನ್ನ ದವಾಖಾನಿಗೆ ಎತ್ಕೊಂಡು ಬಂದವರು ಹೆಣ ಹೊತ್ಕೊಂಡು ಹೋದದ್ದನ್ನ ನಾ ನೋಡೀನಿ. ಇನ್ನ ಆ ಧೂಳಿ, ಅದು ಎಲ್ಲಿ ಹೋತು ಅಂದ್ಕೊಂಡಿ? ಪಕ್ಕದಾಗ ನಿಂತವನ ಮೂಗಿನಾಗ.”

ತಾಯಪ್ಪ ಬಿದ್ದ ಬಾಳೆಹಣ್ಣಿನ ಚೀಲ ಎತ್ತಿ ಸ್ಟೂಲಿನ ಮೇಲಿಟ್ಟ. ಹೋಗುವಾಗ ಅವನು ಹೇಳಿದ್ದು ಒಂದೇ ಮಾತು: “ಹಲ್ಲು ಅದಾವ್ರಿ ನರ್ಸಮ್ಮ. ಗಾಳಿಗೆ ಹಲ್ಲು ಅದಾವು.”

ಭಾನುವಾರ ಕಾರ್ಖಾನೆಗೆ ರಜೆ. ಸೋಮವಾರ ಸಂಜೆ ಐದಕ್ಕೆ ಕಂಪ್ರೆಸರ್ ಮುಂದೆ ಎಂದಿನಂತೆ ಸಾಲು ನಿಂತಿತು. ತಾಯಪ್ಪ ಗಾಳಿ ಬಂದ್ ಮಾಡಿ, ಪೈಪಿನಲ್ಲಿ ಉಳಿದದ್ದನ್ನೆಲ್ಲ ಹೊರಗೆ ಬಿಟ್ಟು, ಪೈಪು ಸುತ್ತಿ ಅದರ ಮೇಲೆ ತಾನೇ ಕುಳಿತ. “ಈ ಗಾಳಿ ಗ್ವಾಡಿಗೆ. ಮನುಷ್ಯರಿಗಲ್ಲ. ಯಾರಿಗೆ ಬೇಕೋ ನನ್ನ ಎಬ್ಬಿಸಿ ತಗೊಳ್ರಿ” ಎಂದ. ಯಾರೂ ಎಬ್ಬಿಸಲಿಲ್ಲ. ಮೇಸ್ತ್ರಿ ಕೊಟ್ರಯ್ಯನಿಗೆ ಓಬಳೇಶನ ಸುದ್ದಿ ಮುಟ್ಟಿತ್ತು. ಅವನು ಒಂದು ಡ್ರಮ್ ನೀರು, ಹಳೆ ಗೋಣಿತಟ್ಟು, ಒಂದು ಬ್ರಶ್ ತರಿಸಿ ಗೇಟಿನ ಹತ್ತಿರ ಇಡಿಸಿದ.

ಅದೇ ದಿನ ಬೆಳಿಗ್ಗೆ ಭೀಮಮ್ಮ ನಲ್ಲಿಗೆ ಹೋಗಿದ್ದಳು. ತಾನು ಹೊಗಳಿಕೊಂಡಿದ್ದ ಜಾಗದಲ್ಲೇ ನಿಂತು, “ನಾ ಹೇಳಿದ್ದು ತಪ್ಪಾತವ್ವಾ” ಎಂದು ಶುರು ಮಾಡಿ ಎಲ್ಲ ಹೇಳಿದಳು. ನಾಚಿಕೆ ಆಗಲಿಲ್ಲವೇ ಎಂದರೆ, ಆಯಿತು. ಆದರೂ ಹೇಳಿದಳು. ಹೆಂಗಸರು ಹಳೆ ಸೀರೆಗಳನ್ನು ಹರಿದು ಮೊಣಕಾಲಿನವರೆಗೆ ಬರುವ ದೊಗಲೆ ಅಂಗಿ ಹೊಲಿದು ಕೊಟ್ಟರು. ಅದು ಕಾರ್ಖಾನೆಯಲ್ಲೇ ಇರುವ ಅಂಗಿ. ಕೆಲಸ ಮುಗಿದ ಮೇಲೆ ಒದ್ದೆ ತಟ್ಟಿನಿಂದ ಮೈಕೈ ಒರೆಸಿಕೊಂಡು, ಅದನ್ನು ಅಲ್ಲೇ ಬಿಚ್ಚಿಟ್ಟು, ಮನೆಯ ಅಂಗಿ ತೊಟ್ಟು ಬರುವುದು. ಎರಡು ಕೊಡ ನೀರಿನ ಜಗಳಕ್ಕೆ ಇಷ್ಟು ಸುಲಭದ ದಾರಿ ಇತ್ತು, ಆದರೆ ಮೊದಲು ಯಾರಿಗೂ ಹೊಳೆದಿರಲಿಲ್ಲ.

ಓಬಳೇಶನ ಚುರುಚುರು ಎರಡನೆಯ ಗೆರೆ ದಾಟಲಿಲ್ಲ. ಅಂಗೈಯಲ್ಲಿ ಕೀವಾಯಿತು, ಡಾಕ್ಟರು ಕೊಯ್ದು ತೆಗೆದರು. ಕೈ ಉಳಿಯಿತು. ಕಾಲುವೆಗೆ ನೀರು ಬಿಟ್ಟ ಮೇಲೆ ಅವನು ಮತ್ತೆ ಕೆಲಸಕ್ಕೆ ಹೋದ. ಕಿರುಬೆರಳು ಮಾತ್ರ ಇಂದಿಗೂ ಮಡಚಲು ಬರುವುದಿಲ್ಲ. ಅನ್ನ ಕಲಸುವಾಗ ಅದೊಂದು ನೆಟ್ಟಗೆ ನಿಂತಿರುತ್ತದೆ, ಭೀಮಮ್ಮ ಎದುರಿಗೆ ಕುಳಿತು ಬಡಿಸುವಾಗಲೆಲ್ಲ ಅದನ್ನು ನೋಡುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಗಾಳಿ ಯಂತ್ರ ಕುಲುಮೆಯ ಹತ್ತಿರ ಮಾತ್ರ ಇಲ್ಲ. ಗಣಿಯಲ್ಲಿದೆ, ಗ್ಯಾರೇಜಿನಲ್ಲಿದೆ, ಪಂಕ್ಚರ್ ಅಂಗಡಿಯಲ್ಲಿದೆ, ಅಕ್ಕಿ ಗಿರಣಿಯಲ್ಲೂ ಇದೆ. ಅದರ ಪೈಪನ್ನು ಮೈಗೆ, ಮುಖಕ್ಕೆ, ಬಟ್ಟೆಗೆ ಹಿಡಿಯಬೇಡಿ, ತಮಾಷೆಗೂ ಇನ್ನೊಬ್ಬರಿಗೆ ಹಿಡಿಯಬೇಡಿ. ಗಾಳಿ ತಗುಲಿದ ಕಡೆ ಬಾವು ಬಂದು ಒತ್ತಿದರೆ ಚುರುಚುರು ಎಂದರೆ, ಕಟ್ಟಬೇಡಿ, ನೀವಬೇಡಿ, ಸೀದಾ ದವಾಖಾನೆಗೆ ಹೋಗಿ ಏನಾಯಿತೆಂದು ಇದ್ದದ್ದು ಇದ್ದಂತೆ ಹೇಳಿ. ಮತ್ತು ತಾಯಂದಿರೇ, ಇಂದು ಸಂಜೆ ನಿಮ್ಮ ಮನೆಯವರು ಕೆಲಸದಿಂದ ಬಂದಾಗ ಅವರ ಅಂಗಿ ನೋಡಿ. ಧೂಳಿಲ್ಲದಿದ್ದರೆ ಹಿಗ್ಗುವ ಮೊದಲು, ಒಂದು ಮಾತು ಕೇಳಿ: ಈ ಧೂಳನ್ನು ಯಾವುದರಿಂದ ತೆಗೆದಿರಿ?