ಒಲೆಯ ಕೆಟ್ಟ ಕಲ್ಲು

ಖಮ್‌ಪುನ್ ಒದ್ದರೆ ಎಮ್ಮೆ ಹಾರಿ ಮೆಕಾಂಗ್ ಹೊಳೆಯಾಚೆ ಲಾವೋಸಿನಲ್ಲಿ ಬೀಳುತ್ತಿತ್ತು. ವಾಪಸ್ ತರಲು ದೋಣಿ ಕಟ್ಟಬೇಕಾಗುತ್ತಿತ್ತು. ಥಾಯ್ ಬಾಕ್ಸಿಂಗ್ ಅಖಾಡದ ಅಂಥ ಹುಲಿಗೆ ಇಪ್ಪತ್ತೆರಡನೇ ವಯಸ್ಸಿಗೇ ನೋಟದ ನಟ್ಟನಡುವೆ ಮಸಿ ಬಳಿದಂತಾಯಿತು. ನೇರ ನೋಡಿದರೆ ಎದುರಿನವರ ಕಿವಿ ಮಾತ್ರ ಕಾಣುತ್ತಿತ್ತು. ಮೂಗು ಕಾಣಬೇಕಾದರೆ ಮುಖ ಓರೆ ಮಾಡಬೇಕು.

ಪಟ್ಟಣದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಹೇಳಿದರು: "ಮೈಯ ಕಣಕಣದಲ್ಲೂ ಉಸಿರಿನ ಗಾಳಿಗೆ ಉರಿಯೋ ಒಲೆ ಇದೆ ಕಣಪ್ಪ. ಆ ಒಲೆಯ ಒಂದು ಕಲ್ಲು ಮಾಡೋ ಜೀನ್ ನಿಂದು ಕೆಟ್ಟಿದೆ. ತಾಯಿ ಕಡೆಯಿಂದ ಬರೋದು, ಹೆಚ್ಚಾಗಿ ಗಂಡುಮಕ್ಕಳ ಕಣ್ಣು ತೆಗೆಯೋದು."

ಅದನ್ನು ಊರಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ತಾಯಿಯಿಂದ ಮಕ್ಕಳಿಗೆ ಇಳಿಯುವಂಥದ್ದು ಊರವರಿಗೆ ಗೊತ್ತಿದ್ದದ್ದು ಒಂದೇ, ಕರುಳು ತಿನ್ನುವ ಪಿಶಾಚಿ. ಅವನ ತಾಯಿ ಬುವಾಲೈಯ ತಮ್ಮಂದಿರಿಬ್ಬರೂ ಕುರುಡರಾಗಿದ್ದರು, ಈಗ ಮಗ. ಇನ್ನೇನು ಬೇಕು? ಮಾರನೆಯ ಮಧ್ಯಾಹ್ನ ಊರೇ ದೊಣ್ಣೆ ಹಿಡಿದು ಬಂತು. ಎಲ್ಲರ ಮುಂದೆ ಬೆತ್ತ ಹಿಡಿದು ಪಿಶಾಚಿ ಬಿಡಿಸುವ ಥವಿ. ಅವನು ಬುವಾಲೈಯ ಸತ್ತುಹೋದ ತಂಗಿಯ ಮಗ.

"ಈಚೆ ಬಾ ದೊಡ್ಡಮ್ಮ! ಒಳಗಿರೋದನ್ನ ಕಕ್ಕಿಸ್ತೀನಿ."

"ಬೆಳಗ್ಗೆ ತಿಂದ ಅಂಟನ್ನ ಐತೆ. ಬೇಕಾ?"

ಥವಿ ಅವಳ ಜುಟ್ಟು ಹಿಡಿದು ಬಾರಿಸಿದ. ಮೊದಲ ಏಟಿಗೆ ಭುಜ ಸೀಳಿತು, ಎರಡನೆಯದಕ್ಕೆ ಹಣೆ. ಖಮ್‌ಪುನ್ ಮೆಟ್ಟಿಲ ಮೇಲಿಂದ ಹಾರಿದ. ಒಬ್ಬನ ದವಡೆ ಮುರಿಯಿತು, ಇನ್ನೊಬ್ಬನ ಪಕ್ಕೆಲುಬು ಬಿದಿರು ಬೇಲಿಯಂತೆ ಲಟಲಟ ಎಂದಿತು. ಅತ್ತ ನೋಡುತ್ತ ಇತ್ತ ಒದೆಯುವವನಿಂದ ತಪ್ಪಿಸಿಕೊಳ್ಳುವುದಾದರೂ ಹೇಗೆ? ಥವಿ ಅವನ ತಲೆಗೆ ಬೆತ್ತ ಬೀಸಿದ. ಮೊಳ ದೂರದ ಕಂಬಕ್ಕೆ ಬಿತ್ತು. ಮತ್ತೆ ಬೀಸಿದ, ಮತ್ತೆ ಕಂಬಕ್ಕೇ. ಆಗ ಥವಿ ಮುಖ ಓರೆ ಮಾಡಿದ.

ಖಮ್‌ಪುನ್ ಅವನ ಕತ್ತು ಹಿಡಿದ. "ಅಣ್ಣಾ, ನಿಂಗೂ ಶುರುವಾಯ್ತಾ? ಅದಕ್ಕೇನಾ ನಮ್ಮಮ್ಮನ ಮೇಲೆ ಹಾಕಿ ಜಾರ್ಕೊಳ್ಳೋಕೆ ಬಂದಿದ್ದು?"

ಥವಿ ಅತ್ತುಬಿಟ್ಟ. ಕೂಡಲೇ "ಇವನೊಳಗೂ ಐತೆ!" ಅಂತ ದೊಣ್ಣೆಗಳೆಲ್ಲ ಥವಿಯ ಮೇಲೆ ಬಿದ್ದವು, ಮೊಣಕಾಲು ಚಟ್ಟೆಂದಿತು. ಬುವಾಲೈ ರಕ್ತ ಸುರಿಸುತ್ತಲೇ ಅವನ ಮೇಲೆ ಅಡ್ಡ ಬಿದ್ದಳು.

"ಹೊಡೀರ್ರೋ! ನಮ್ಮಮ್ಮನ ಅಮ್ಮ ಏಳು ಹೆಣ್ಣು ಹೆತ್ತೋಳು. ಈ ಊರಲ್ಲಿ ಗಂಡಸರೇ ತಾನೇ ಹೆಂಡ್ತಿ ಮನೆಗೆ ಬರೋದು? ಆ ಏಳರಲ್ಲಿ ಒಬ್ಬಳಾದ್ರೂ ಊರು ಬಿಟ್ಟು ಹೋದ್ಲಾ? ನಿಮ್ಮಮ್ಮಂದಿರು ಯಾರ ಹೊಟ್ಟೆಯವರು ಅಂತ ನೆನಪು ಮಾಡ್ಕೊಂಡು ಹೊಡೀರಿ!"

ದೊಣ್ಣೆಗಳು ಗಾಳಿಯಲ್ಲೇ ನಿಂತವು. ಯಾರೋ ಒಬ್ಬ ಮೆಲ್ಲಗೆ ಒಂದು ಕಣ್ಣು ಮುಚ್ಚಿ, ಪಕ್ಕದವನ ಮೂಗು ಕಾಣುತ್ತದೆಯೇ ಎಂದು ನೋಡಿದ. ಆಮೇಲೆ ಊರೆಲ್ಲ ಹಾಗೇ ಒಂದೊಂದು ಕಣ್ಣು ಮುಚ್ಚಿ ನೋಡಿತು.